13ರಿಂದ 17ರ ಮಕ್ಕಳ ಯೋಗ ತರಗತಿ: ಕಣ್ಣು ಮುಚ್ಚಿಸಿ ಕೂರಿಸೋದರಿಂದಲೇ ಶುರು ಮಾಡಬೇಕಾ?

ಕ್ಲಬ್‌ಹೌಸ್ ಸಂಚಾಲಕಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೈಸ್ಕೂಲು, ಪಿಯು ಮಕ್ಕಳಿಗೆ ವಾರಕ್ಕೆ ಮೂರು ದಿನ, ಸಂಜೆ 6ರಿಂದ 6.30ರವರೆಗೆ ಯೋಗ ಇಡೋಣ ಅಂತ ಮಾತಾಗಿದೆ. ಮೈ ಬಳುಕಿಸೋದು ಉದ್ದೇಶವಲ್ಲ. ಪರೀಕ್ಷೆ ಭಯ, ನಿದ್ದೆಗೇಡು, ಸಣ್ಣದಕ್ಕೂ ರೇಗೋದು, ರೂಮಿನ ಬಾಗಿಲು ಹಾಕ್ಕೊಂಡು ಕೂತುಬಿಡೋದು, ಇವಕ್ಕೆ ಒಂದಿಷ್ಟು ಆಸರೆ ಸಿಗಲಿ ಅಂತ. ಹದಿನೈದಿಪ್ಪತ್ತು ಮಕ್ಕಳು ಬರಬಹುದು. ಸದ್ಯ ಕೈಯಲ್ಲಿರೋ ಪಟ್ಟಿ ಇದು: 5 ನಿಮಿಷ ಓಂಕಾರ, 10 ನಿಮಿಷ ಕಪಾಲಭಾತಿ ಮತ್ತು ಅನುಲೋಮ ವಿಲೋಮ, 15 ನಿಮಿಷ ಕಣ್ಣು ಮುಚ್ಚಿ ಧ್ಯಾನ. ಈ ವಯಸ್ಸಿಗೆ ಇದು ಸರೀನಾ? ಎಲ್ಲಿ ತಪ್ಪಾಗಬಹುದು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಯೋಗಶಿಕ್ಷಕ ಮೈಸೂರು
ಮೇಡಂ, ಪಟ್ಟಿ ತಲೆಕೆಳಗಾಗಿದೆ. ಕೊನೆಯಲ್ಲಿ ಬರಬೇಕಾದ್ದು ಮೊದಲು ಬಂದಿದೆ, ಮೊದಲು ಬರಬೇಕಾದ ಆಸನ ಇಲ್ಲವೇ ಇಲ್ಲ. ಬೆಳಗ್ಗೆ 8ರಿಂದ ಬೆಂಚಿನ ಮೇಲೆ ಕೂತು ಬಂದ ಮಗುವನ್ನ ಮತ್ತೆ 15 ನಿಮಿಷ ಅಲ್ಲಾಡದೆ ಕೂರು ಅಂದರೆ ಅದು ಇನ್ನೊಂದು ಪೀರಿಯಡ್ ಆಗುತ್ತೆ ಅಷ್ಟೇ. ಅವರ ಮೈಯಲ್ಲಿ ಇಡೀ ದಿನದ ಬಿಗಿ ಸೇರಿರುತ್ತೆ. ಮೊದಲು ಅದು ಸಡಿಲಾಗಬೇಕು.

30 ನಿಮಿಷವನ್ನ ಹೀಗೆ ಹಂಚಿ. ಮೊದಲ 3 ನಿಮಿಷ ನಿಂತು ಕೈಕಾಲು ಕೊಡವೋದು, ಭುಜ ಸುತ್ತಿಸೋದು. ಮುಂದಿನ 8 ನಿಮಿಷ ಸೂರ್ಯ ನಮಸ್ಕಾರ, ಆರು ಸುತ್ತು. ಒಂದು ಸುತ್ತಿಗೆ 75 ಸೆಕೆಂಡಾದರೂ ಬೇಕು. 30 ಸೆಕೆಂಡಲ್ಲಿ ಮುಗಿಸಿದರೆ ಅದು ಡ್ರಿಲ್. ಆಮೇಲೆ 4 ನಿಮಿಷ ವೃಕ್ಷಾಸನ. 4 ನಿಮಿಷ ಮಾರ್ಜಾಲಾಸನ (ಬೆಕ್ಕಿನ ಹಾಗೆ ಬೆನ್ನು ಬಾಗಿಸೋದು), ಶಶಾಂಕಾಸನ (ಮಂಡಿಯೂರಿ ಕೂತು ಮುಂದಕ್ಕೆ ಬಾಗೋದು). 4 ನಿಮಿಷ ಭ್ರಾಮರಿ, ಅಂದರೆ ದುಂಬಿಯ ಹಾಗೆ ಗುಂಯ್‌ಗುಡುವ ಪ್ರಾಣಾಯಾಮ. ಉಳಿದ 7 ನಿಮಿಷ ಗೋಡೆಗೆ ಕಾಲು ಇಟ್ಟು ಮಲಗೋದು ಅಥವಾ ಶವಾಸನ. ಧ್ಯಾನ ಅಂತ ಬೇರೆ ಹೆಸರಿಟ್ಟು ಏನೂ ಮಾಡಿಸಬೇಡಿ, ಕೊನೆಯ ಆ 7 ನಿಮಿಷದಲ್ಲೇ ಅದು ತಾನಾಗಿ ಬರುತ್ತೆ.

ಕಪಾಲಭಾತಿ ಮಾತ್ರ ಪೂರ್ತಿ ಬಿಟ್ಟುಬಿಡಿ.

ನಸುಕಿನ ನಡಿಗೆ
ಕಪಾಲಭಾತಿ ಯಾಕೆ ಬಿಡಬೇಕು ಸರ್? ಊರೆಲ್ಲ ಮಾಡ್ತಾರೆ. ಮತ್ತೆ ಸಂಜೆ ಯಾಕೆ? ಬ್ರಾಹ್ಮೀ ಮುಹೂರ್ತದಲ್ಲಿ ಮಾಡಿದರೆ ಮನಸ್ಸು ತಾನಾಗೇ ನಿಲ್ಲುತ್ತೆ. ಮಕ್ಕಳನ್ನ 5 ಗಂಟೆಗೆ ಎಬ್ಬಿಸೋ ಶಿಸ್ತು ಮೊದಲು ಬರಲಿ.

ಶಾಲಾ ಆಪ್ತಸಲಹೆಗಾರ್ತಿ
ಎರಡಕ್ಕೂ ಉತ್ತರ ಕೊಡ್ತೀನಿ.

ಕಪಾಲಭಾತಿಯಲ್ಲಿ ಹೊಟ್ಟೆ ಒಳಗೆಳೆದು ಉಸಿರನ್ನ ರಭಸವಾಗಿ ಹೊರದೂಡೋದು, ಅದೂ ಬಿಡುವಿಲ್ಲದೆ. ಹೊಸಬರು ಅವಸರದಲ್ಲಿ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ. ಆಗ ತಲೆ ಹಗುರಾಗುತ್ತೆ, ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನುತ್ತೆ, ಎದೆ ಡವಗುಟ್ಟುತ್ತೆ. ಗಾಬರಿಯ ಸ್ವಭಾವದ ಮಗುವಿಗೆ ಇವೇ ಗಾಬರಿಯ ಲಕ್ಷಣಗಳು. 'ಮತ್ತೆ ಬಂತು' ಅಂತ ಹೆದರಿ ಇನ್ನೂ ಜೋರಾಗಿ ಉಸಿರಾಡುತ್ತೆ, ಹೆದರಿಕೆ ಇನ್ನೂ ಏರುತ್ತೆ. ಮೂರ್ಛೆರೋಗ, ರಕ್ತದೊತ್ತಡ, ಹರ್ನಿಯಾ ಇರೋರಿಗೆ, ಮುಟ್ಟಿನ ದಿನಗಳಲ್ಲಿ ಹೇಗೂ ಬೇಡ. ತಿದಿಯ ಹಾಗೆ ರಭಸವಾಗಿ ಉಸಿರಾಡೋ ಭಸ್ತ್ರಿಕಾಕ್ಕೂ ಇದೇ ಮಾತು. ಗುಂಪಿನಲ್ಲಿ ಯಾರಿಗೆ ಏನಿದೆ ಅಂತ ತಿಳಿಯದೆ ಮಾಡಿಸೋದು ಸರಿಯಲ್ಲ.

5 ಗಂಟೆ ವಿಷಯ. ಬ್ರಾಹ್ಮೀ ಮುಹೂರ್ತ ಅಂದರೆ ಸೂರ್ಯೋದಯಕ್ಕೆ 1 ಗಂಟೆ 36 ನಿಮಿಷ ಮೊದಲು. ಬೆಂಗಳೂರಲ್ಲಿ ಋತುವಿಗೆ ತಕ್ಕಂತೆ 4.15ರಿಂದ 5.10ರ ಆಸುಪಾಸಿನಲ್ಲಿ ಅದು ಶುರುವಾಗುತ್ತೆ. ಹದಿಹರೆಯದಲ್ಲಿ ನಿದ್ದೆ ತರಿಸೋ ಮೆಲಟೋನಿನ್ ಏರೋದೇ ತಡ, ಹತ್ತು ಗಂಟೆಗೆ ಮಲಗು ಅಂದರೂ ಕಣ್ಣು ಹತ್ತೋದಿಲ್ಲ. ಅದು ಸೋಮಾರಿತನ ಅಲ್ಲ, ದೇಹದ ಗಡಿಯಾರ. 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಟ್ಯೂಷನ್ನಿಂದ 9ಕ್ಕೆ ಬಂದು, ಉಂಡು, ಹೋಂವರ್ಕ್ ಮುಗಿಸಿ 11.30ಕ್ಕೆ ಮಲಗಿದ ಮಗುವನ್ನ 5ಕ್ಕೆ ಎಬ್ಬಿಸಿದರೆ ಸಿಕ್ಕಿದ್ದು ಐದೂವರೆ ಗಂಟೆ. ನಿದ್ದೆ ಕಿತ್ತುಕೊಂಡು ಯೋಗ ಕೊಟ್ಟರೆ ಯಾವ ಲಾಭವೂ ಇಲ್ಲ. ರೇಗಾಟ, ಮಂಕು, ಅಳು ಇವುಗಳಲ್ಲಿ ಎಷ್ಟೋ ಪಾಲು ನಿದ್ದೆ ಕಡಿಮೆ ಆಗಿರೋದರಿಂದಲೇ ಬರೋದು.

ನಸುಕಿನ ನಡಿಗೆ
ಎಂಟು ಗಂಟೆ ನಿದ್ದೆ ಆಗಬೇಕು ಅನ್ನೋದು ಒಪ್ಪಿದೆ. ಆದರೆ ಅದಕ್ಕೆ ರಾತ್ರಿ ಬೇಗ ಮಲಗಿಸಬೇಕು ತಾನೇ? ಅಲ್ಲಿ ಮೊಬೈಲ್ ಬಗ್ಗೆ ಯಾರೂ ಮಾತಾಡ್ತಿಲ್ಲ.

ಧಾರವಾಡ ಪೇಡೆ
ಮೊಬೈಲ್ ಕಸಗೊಂಡ್ರ ಜಗಳಾ ಆಗ್ತದ ಹೊರತು ನಿದ್ದಿ ಬರೂದಿಲ್ರಿ. ಚಾರ್ಜರ್ ಮಲಗೂ ಖೋಲಿಯಿಂದ ಪಡಸಾಲಿಗೆ ಹೋಗ್ಬೇಕು, ಮನ್ಯಾಗ ಎಲ್ಲಾರದೂ, ಅಪ್ಪಾ ಅವ್ವಂದೂ ಸುದ್ದಾ. ಏಳೂದಕ್ಕ ಫೋನ್ ಅಲಾರಂ ಬೇಕು ಅನ್ನೂ ನೆವಾ ತಪ್ಪಸ್ಲಿಕ್ಕೆ ಒಂದು ಸಾದಾ ಅಲಾರಂ ಗಡಿಯಾರ ತಂದಿಡ್ರಿ.

ಅಂಕಿಅಂಶ
ಒಂದು ಮಾತು ಮೊದಲೇ ಹೇಳಿಬಿಡಬೇಕು. 'ಶಾಲೆಯಲ್ಲಿ ಧ್ಯಾನ ಕಲಿಸಿದರೆ ಖಿನ್ನತೆ ಬರೋದಿಲ್ಲ' ಅಂತ ಕರಪತ್ರದಲ್ಲಿ ಹಾಕಬೇಡಿ. ಬ್ರಿಟನ್ನಿನಲ್ಲಿ 11ರಿಂದ 14ರ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ದೊಡ್ಡ ಪ್ರಯೋಗ ನಡೀತು, ಫಲಿತಾಂಶ ಬಂದಿದ್ದು 2022ರಲ್ಲಿ. ತರಗತಿಯಲ್ಲೇ ಎಲ್ಲರಿಗೂ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಉಸಿರು, ಯೋಚನೆಗಳನ್ನ ಸುಮ್ಮನೆ ಗಮನಿಸೋ ಧ್ಯಾನ ಕಲಿಸಿದರು. ಶಾಲೆಯ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳು ಬಹಳ ಕಡಿಮೆ. ಮೊದಲೇ ಮನಸ್ಸಿನ ತೊಂದರೆಯ ಅಪಾಯದಲ್ಲಿದ್ದ ಕೆಲವರಿಗೆ ಸ್ವಲ್ಪ ಹೆಚ್ಚೇ ಕಷ್ಟವಾಯಿತು.

ಜಯನಗರ 4ನೇ ಬ್ಲಾಕ್
ಹಾಗಾದರೆ ಇದೆಲ್ಲ ವ್ಯರ್ಥ ಅಂತಾನಾ? ನಮ್ಮ ಪರಂಪರೆಯನ್ನ ಬ್ರಿಟನ್ನಿನ ಅಳತೆಗೋಲಲ್ಲಿ ಅಳೆಯೋದು ಯಾಕೆ?

ಅಂಕಿಅಂಶ
ವ್ಯರ್ಥ ಅಂತ ನಾನು ಹೇಳಲಿಲ್ಲ ಸರ್. ಅಲ್ಲಿ ಎಡವಿದ್ದರಿಂದ ಏನು ಕಲಿಯಬಹುದು ನೋಡಿ. ಒಂದು, ಬೇಕೋ ಬೇಡವೋ ಕೇಳದೆ ಇಡೀ ಕ್ಲಾಸಿಗೆ ಕೊಟ್ಟರು. ಎರಡು, ಅದರಲ್ಲಿ ಮೈಯ ಕೆಲಸ ಕಡಿಮೆ, ಮನಸ್ಸನ್ನ ಗಮನಿಸೋದೇ ಹೆಚ್ಚು. ಸಂಕಟದಲ್ಲಿರೋ ಮಗುವಿಗೆ 'ಮನಸ್ಸಲ್ಲಿ ಏನು ನಡೀತಿದೆ ನೋಡು' ಅಂದರೆ ನೋಡಿದಷ್ಟೂ ಸಂಕಟವೇ ಕಾಣುತ್ತೆ. ಇದು ನನ್ನ ವಿವರಣೆ, ಪ್ರಯೋಗದ ತೀರ್ಪಲ್ಲ. ಆದರೆ ಮೇಲೆ ಮೈಸೂರಿನವರು ಹೇಳಿದ ಕ್ರಮ ಸರಿ ಅನ್ನಿಸೋದು ಇದಕ್ಕೇ.

ಅಗತ್ಯ ಎಷ್ಟಿದೆ ಅನ್ನೋದಕ್ಕೆ ನಮ್ಮದೇ ಅಂಕಿ ಇದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ಮಕ್ಕಳಲ್ಲಿ ಮಾನಸಿಕ ತೊಂದರೆ ಶೇ 7.3. ಮಹಾನಗರಗಳಲ್ಲಿ ಶೇ 13.5, ಹಳ್ಳಿಗಳಲ್ಲಿ ಶೇ 6.9. ಇಪ್ಪತ್ತು ಮಕ್ಕಳ ಗುಂಪಿನಲ್ಲಿ ಇಬ್ಬರೋ ಮೂವರೋ ನಿಜವಾಗಿ ನರಳ್ತಾ ಇರಬಹುದು, ಮುಖದಲ್ಲಿ ಕಾಣಿಸದೆ.

ಹಳೇ ಓಲೆ
ಪರಂಪರೆಯ ಮಾತು ಬಂತಲ್ಲ, ಪರಂಪರೆಯೂ ಹದಿಹರೆಯದವರನ್ನ ಸುಮ್ಮನೆ ಕೂರಿಸು ಅಂತ ಹೇಳಿಲ್ಲ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದಾಗ ಕಲಿಯಲು ಬಂದವರಲ್ಲಿ ಹೆಚ್ಚಿನವರು ಹುಡುಗರೇ. ನೆಗೆತ, ಉಸಿರಿಗೆ ಜೋಡಿಸಿದ ಚಲನೆ, ಒಂದರ ಹಿಂದೊಂದು ಆಸನ. ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಅಲ್ಲಿಗೆ ಬಂದಿದ್ದೂ ಹದಿಹರೆಯದಲ್ಲೇ.

ಇನ್ನೂ ಹಿಂದಕ್ಕೆ ಹೋದರೆ ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲಿ 'ಲಯೇ ಸಂಬೋಧಯೇಚ್ಚಿತ್ತಂ ವಿಕ್ಷಿಪ್ತಂ ಶಮಯೇತ್ ಪುನಃ' ಅಂತಿದೆ. ಮನಸ್ಸು ಜಡಕ್ಕೆ ಇಳಿದರೆ ಎಬ್ಬಿಸು, ಚದುರಿದರೆ ಮತ್ತೆ ಶಮನಗೊಳಿಸು. ಬೆಂಗಳೂರಿನ ಯೋಗ ವಿಶ್ವವಿದ್ಯಾಲಯ ಎಸ್-ವ್ಯಾಸದವರ ಆವರ್ತನ ಧ್ಯಾನ ಈ ಸಾಲಿನ ಮೇಲೇ ನಿಂತಿರೋದು: ಒಂದಿಷ್ಟು ನಿಂತು ಬಾಗೋದು, ಮತ್ತೆ ಮಲಗಿ ವಿಶ್ರಾಂತಿ, ಮತ್ತೆ ಏಳೋದು.

ಯೋಗಶಿಕ್ಷಕ ಮೈಸೂರು
ಸರಿಯಾಗಿ ಹೇಳಿದಿರಿ. ತರಗತಿಗೂ ಅದೇ ಸೂತ್ರ. ಮಕ್ಕಳು ಕಿತ್ತಾಡ್ತಾ, ಗಲಾಟೆ ಮಾಡ್ತಾ ಬಂದರೆ ಸೂರ್ಯ ನಮಸ್ಕಾರ ಮೊದಲು ಸ್ವಲ್ಪ ವೇಗವಾಗಿ, ಆಮೇಲೆ ನಿಧಾನ. ಪ್ರಿಪರೇಟರಿ ಮುಗಿಸಿ ಸೋತು ಬಂದರೆ ಮೊದಲು 3 ನಿಮಿಷ ಮಲಗಿಸಿ, ಆಮೇಲೆ ಎಬ್ಬಿಸಿ. ಪ್ರತಿದಿನ ಒಂದೇ ಪಟ್ಟಿ ಓದುವ ಶಿಕ್ಷಕ ಬೇಡ.

ಫಿಸಿಯೋ ಅಕ್ಕ
ಆಸನದ ಬಗ್ಗೆ ಸ್ವಲ್ಪ. 12ರಿಂದ 15ರೊಳಗೆ ಎತ್ತರ ಸರ್ರನೆ ಏರುವಾಗ ಮೂಳೆ ಮುಂದೆ ಓಡುತ್ತೆ, ಸ್ನಾಯು ಹಿಂದೆ ಬೀಳುತ್ತೆ. ಹಾಗಾಗಿ ತೊಡೆಯ ಹಿಂಭಾಗ, ಮೀನಖಂಡ ಬಿಗಿದಿರುತ್ತೆ. 'ಇಷ್ಟು ಚಿಕ್ಕ ವಯಸ್ಸಿಗೆ ಕಾಲ್ಬೆರಳು ಮುಟ್ಟೋಕಾಗಲ್ವಾ' ಅಂತ ನಾಲ್ಕು ಜನರ ಮುಂದೆ ಅಂದರೆ ಆ ಮಗು ಮಾರನೇ ದಿನ ಬರೋದಿಲ್ಲ. ಒತ್ತಿ ಬಾಗಿಸಿದರೆ ಹೊರೆ ಸೊಂಟದ ಮೇಲೆ ಬೀಳುತ್ತೆ. ನಿಂತು ಮುಂದಕ್ಕೆ ಬಾಗುವ ಪಾದಹಸ್ತಾಸನದಲ್ಲಿ ಮಂಡಿ ಮಡಚಲಿ, ಹೊಟ್ಟೆ ತೊಡೆಗೆ ತಾಕಲಿ, ಕೈ ಎಲ್ಲಿಗೆ ಬರುತ್ತೋ ಅಲ್ಲೇ ಇರಲಿ.

ವೃಕ್ಷಾಸನದಲ್ಲಿ ಅಂಗಾಲನ್ನ ಮಂಡಿಯ ಪಕ್ಕಕ್ಕೆ ಒತ್ತಬಾರದು. ಮಂಡಿಗಿಂತ ಮೇಲೆ, ಇಲ್ಲವೇ ಮೀನಖಂಡದ ಮೇಲೆ. ದೃಷ್ಟಿ ಗೋಡೆಯ ಒಂದೇ ಚುಕ್ಕಿಯ ಮೇಲೆ. ಅಲ್ಲಾಡುತ್ತೆ, ಬೀಳ್ತಾರೆ, ಮತ್ತೆ ನಿಲ್ತಾರೆ. ಕಣ್ಣು ತೆರೆದೇ ಮನಸ್ಸು ಒಂದು ಕಡೆ ನಿಲ್ಲೋದನ್ನ ಕಲಿಸೋಕೆ ಇದಕ್ಕಿಂತ ಒಳ್ಳೆ ಆಸನ ನನಗಂತೂ ಕಂಡಿಲ್ಲ. ಶೀರ್ಷಾಸನ, ಸರ್ವಾಂಗಾಸನ ಗುಂಪು ತರಗತಿಯಲ್ಲಿ ಬೇಡ. ಕುತ್ತಿಗೆಯ ಅಪಾಯ ಒಂದಾದರೆ, ಹೆಚ್ಚು ಪವರಿನ ಕನ್ನಡಕ ಇರೋರಿಗೆ ಕಣ್ಣಿನ ಮೇಲೆ ಒತ್ತಡ ಬೀಳೋದು ಇನ್ನೊಂದು.

ಕರಾವಳಿ ಟೀಚರ್
ಊಟ ತಿಂಡಿಯದ್ದು ಯಾರೂ ಹೇಳಲಿಲ್ಲ ಮಾರಾಯ್ರೆ. ನಾಲ್ಕೂವರೆಗೆ ಮನೆಗೆ ಬಂದು ಗೋಳಿಬಜೆ, ನೂಡಲ್ಸ್ ತಿಂದರೆ 6 ಗಂಟೆಗೆ ಬಾಗಲಿಕ್ಕೆ ಆಗುವುದಿಲ್ಲ. ಬಂದ ಕೂಡಲೇ ಅವಲಕ್ಕಿಯೋ ಎರಡು ಇಡ್ಲಿಯೋ ಸಾಕು, ಒಂದೂವರೆ ಗಂಟೆ ಬಿಡುವು ಇರಲಿ. ತೀರಾ ಹಸಿವಾದರೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು. ಹಸಿದು ಬಂದ ಮಗುವಿಗೆ ಶವಾಸನದಲ್ಲಿ ಹೊಟ್ಟೆಯ ಧ್ಯಾನವೇ ಆಗುವುದು.

ಜಯನಗರ 4ನೇ ಬ್ಲಾಕ್
ರಥಸಪ್ತಮಿಗೆ 108 ಸೂರ್ಯ ನಮಸ್ಕಾರ ಇಟ್ಟರೆ ಮಕ್ಕಳಿಗೆ ಹುರುಪು ಬರುತ್ತೆ. ಆರು ಸುತ್ತು ತೀರಾ ಕಡಿಮೆ ಆಯ್ತು.

ಫಿಸಿಯೋ ಅಕ್ಕ
108ಕ್ಕೆ ವಾರಗಟ್ಟಲೆ ತಯಾರಿ ಬೇಕು ಸರ್. ಅಭ್ಯಾಸವಿಲ್ಲದ ಮಗು ಮೂವತ್ತು ದಾಟುವಷ್ಟರಲ್ಲಿ ತೋಳು ಸೋತು, ಅಷ್ಟಾಂಗ ನಮಸ್ಕಾರದಲ್ಲಿ ಎದೆಯನ್ನ ದೊಪ್ಪನೆ ನೆಲಕ್ಕೆ ಬಿಡುತ್ತೆ. ಮಣಿಕಟ್ಟು, ಸೊಂಟ ನೋವು ಖಂಡಿತ. ಎಣಿಕೆಯೇ ಮುಖ್ಯ ಆದಾಗ ಅಲ್ಲೂ ರ‍್ಯಾಂಕ್ ಶುರು. ಈ ಮಕ್ಕಳು ರ‍್ಯಾಂಕಿನಿಂದಲೇ ಬಳಲಿ ಬರ್ತಿರೋರು.

ಕ್ಲಬ್‌ಹೌಸ್ ಸಂಚಾಲಕಿ
ತುಂಬಾ ಉಪಯೋಗ ಆಗ್ತಿದೆ. ಇನ್ನೂ ಎರಡು ಪ್ರಶ್ನೆ. ಬೇರೆ ಬೇರೆ ಧರ್ಮದ ಮನೆಗಳಿವೆ, ಓಂಕಾರಕ್ಕೆ ಕೆಲವರು ಹಿಂಜರೀತಾರೆ. ಏನು ಮಾಡೋದು? ಉಸಿರಾಟ ಕಲಿಸಲೇಬೇಕು ಅಂದರೆ ಯಾವುದು?

ಯೋಗಶಿಕ್ಷಕ ಮೈಸೂರು
ಭ್ರಾಮರಿ ಸಾಕು. ಅದರಲ್ಲಿ ಅಕ್ಷರವೇ ಇಲ್ಲ, ದುಂಬಿಯ ದನಿ ಅಷ್ಟೇ. ಮಾಡುವ ಕ್ರಮ: ಬೆನ್ನು ನೇರ, ಬೇಕಾದರೆ ಗೋಡೆಗೆ ಒರಗಲಿ. ತುಟಿ ಮುಚ್ಚಿರಲಿ, ಹಲ್ಲು ಒಂದಕ್ಕೊಂದು ತಾಕದಿರಲಿ. ಮೂಗಿನಿಂದ ಮೆಲ್ಲಗೆ ಉಸಿರು ತಗೊಂಡು, ಬಿಡುವಾಗ ಕೆಳಗಿನ ಶ್ರುತಿಯಲ್ಲಿ 'ಮ್' ಅಂತ ಗುಂಯ್‌ಗುಡಬೇಕು. ದನಿ ಮೇಲಕ್ಕೇರಿದರೆ ಗಂಟಲು ಬಿಗಿಯುತ್ತೆ, ತಗ್ಗಿಸಿದರೆ ಕೆನ್ನೆ, ಮೂಗಿನ ಮೂಳೆ ಅದುರೋದು ಗೊತ್ತಾಗುತ್ತೆ. ಕಿವಿ ಮುಚ್ಚೋದಾದರೆ ತೂತಿಗೆ ಬೆರಳು ತುರುಕಬಾರದು. ಕಿವಿಯ ಮುಂದಿನ ಪುಟ್ಟ ಮೆದುಮೂಳೆಯನ್ನ ತೋರುಬೆರಳಲ್ಲಿ ಒಳಕ್ಕೆ ಮಡಚಿದರೆ ಸಾಕು. ಐದು ಸುತ್ತು, ಪ್ರತಿ ಸುತ್ತಿನ ಮಧ್ಯೆ ಎರಡು ಮಾಮೂಲಿ ಉಸಿರು. ಮೊದಲ ದಿನ ಕಿಸಕ್ಕನೆ ನಗ್ತಾರೆ. ನಗಲಿ ಬಿಡಿ, ನಗುವಿನಲ್ಲೂ ಉಸಿರು ಹೊರಗೇ ಹೋಗೋದು. ಬೈದರೆ ಕೆಲಸ ಕೆಟ್ಟಿತು.

ಸೂರ್ಯ ನಮಸ್ಕಾರದ ಮಂತ್ರಗಳ ಬದಲು ಒಂದು, ಎರಡು ಅಂತ ಎಣಿಸಿದರೂ ನಡೆಯುತ್ತೆ. ಮಂತ್ರ ಬೇಕಾದ ಮಕ್ಕಳು ಮನಸ್ಸಲ್ಲಿ ಹೇಳಿಕೊಳ್ಳಲಿ.

ಶಾಲಾ ಆಪ್ತಸಲಹೆಗಾರ್ತಿ
ಎರಡನೇದು ಉದ್ದ ನಿಶ್ವಾಸ. 4 ಎಣಿಸುವಷ್ಟು ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ, ತಡೆದು ಹಿಡಿಯೋದು ಬೇಡ. ಒಂದು ಎಣಿಕೆಗೆ ಒಂದು ಸೆಕೆಂಡಾದರೆ ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ ಎದೆಬಡಿತ ಸಹಜವಾಗೇ ನಿಧಾನವಾಗುತ್ತೆ, ಮೆದುಳಿನಿಂದ ಹೃದಯಕ್ಕೆ ಹೋಗೋ ವೇಗಸ್ ನರದ ಕೆಲಸ ಅದು. ಅದಕ್ಕೇ ಹೊರಗಿನ ಉಸಿರು ಉದ್ದ ಇರಬೇಕು. ಶುರುವಿಗೆ 3–4 ಸಾಕು, ಒಂದು ವಾರ ಕಳೆದ ಮೇಲೆ 4–6.

ಎಡವೋದು ಎಲ್ಲಿ ಗೊತ್ತಾ? 'ಆಳವಾಗಿ ಉಸಿರಾಡು' ಅಂದ ತಕ್ಷಣ ಮಕ್ಕಳು ಭುಜ ಎತ್ತಿ ಎದೆ ತುಂಬ ಗಾಳಿ ಎಳೀತಾರೆ. ಹಾಗೆ ಐದಾರು ಸಲ ಎಳೆದರೆ ಮತ್ತೆ ಅದೇ ತಲೆಸುತ್ತು, ಜುಮ್ಮು. ಆದ್ದರಿಂದ 'ಆಳವಾಗಿ' ಅನ್ನೋ ಪದವನ್ನೇ ಬಿಟ್ಟು 'ಮೆಲ್ಲಗೆ' ಅನ್ನಿ. ಎದುರಿಗೆ ಹಿಡಿದ ಬೆರಳಿಗೆ ಗಾಳಿ ತಾಕಿಯೂ ತಾಕದ ಹಾಗೆ.

ಧೂಳಿನ ಅಲರ್ಜಿಗೆ ಮೂಗು ಕಟ್ಟಿರೋ ಮಕ್ಕಳು ಬೆಂಗಳೂರಲ್ಲಿ ಬಹಳ. ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡೋ ಅನುಲೋಮ ವಿಲೋಮ ಅಂದರೆ ಅವರಿಗೆ ಉಸಿರುಗಟ್ಟಿದ ಹಾಗೆ. ಒತ್ತಾಯ ಮಾಡಬೇಡಿ. ತುಟಿ ಸ್ವಲ್ಪ ತೆರೆದು, ಬಿಸಿ ಕಾಫಿ ಆರಿಸೋ ಹಾಗೆ ಊದಿದರೂ ಸರಿ.

ಧಾರವಾಡ ಪೇಡೆ
ಕಣ್ಣ ಮುಚ್ಚೂದರ ಬಗ್ಗೆ ಇನ್ನೊಂದೀಟು ಹೇಳ್ರಿ ಮೇಡಂ. ಕೆಲವು ಹುಡುಗ್ರು ಕಣ್ಣ ಮುಚ್ಚಿದ ಕೂಡ್ಲೆ ಚಡಪಡಸ್ತಾವು, ಮಾಸ್ತರು ಹಟಾ ಅಂತ ತಿಳಕೊತಾರ.

ಶಾಲಾ ಆಪ್ತಸಲಹೆಗಾರ್ತಿ
ಅದು ಹಟ ಅಲ್ಲ ಸರ್. ಹೊಡೆತ, ಕಿರುಕುಳ, ಅಪಘಾತ, ಮನೆಯಲ್ಲಿನ ಜಗಳ, ಇಂಥದ್ದನ್ನ ಕಂಡ ಮಗುವಿಗೆ ಕಣ್ಣು ಮುಚ್ಚಿ ನಿಶ್ಶಬ್ದದಲ್ಲಿ ಮಲಗೋದು ಅಂದರೆ ಕಾವಲು ಬಿಟ್ಟ ಹಾಗೆ. ಅದೇ ನೆನಪು ನುಗ್ಗಿ ಬರುತ್ತೆ. ಹಾಗಾಗಿ ಎಲ್ಲರಿಗೂ ಮೊದಲೇ ಹೇಳಿಬಿಡಿ: ಕಣ್ಣು ಅರ್ಧ ತೆರೆದು ನೆಲ ನೋಡಬಹುದು, ಅಂಗಾತ ಬೇಡವಾದರೆ ಮಗ್ಗುಲಾಗಿ ಮಲಗಬಹುದು, ಎದ್ದು ಕೂರಬಹುದು, ಹೊರಗೆ ಹೋಗಿ ನೀರು ಕುಡಿದು ಬರಬಹುದು. ಯಾಕೆ ಅಂತ ಯಾರೂ ಕೇಳೋದಿಲ್ಲ. ದೀಪ ಪೂರ್ತಿ ಆರಿಸಬೇಡಿ. ಬಾಗಿಲ ಕಡೆಗೆ ಕಾಲು ಇರುವಂತೆ ಮ್ಯಾಟ್ ಹಾಕಿದರೆ ಬಾಗಿಲು ಕಾಣ್ತಿರುತ್ತೆ, ಅಷ್ಟರಿಂದಲೇ ಕೆಲವರಿಗೆ ಧೈರ್ಯ.

ಮುಟ್ಟಿ ತಿದ್ದೋದು ಬೇಡವೇ ಬೇಡ. ಮಾತಿನಲ್ಲಿ ಹೇಳಿ, ಇಲ್ಲವೇ ಪಕ್ಕದಲ್ಲಿ ಮಾಡಿ ತೋರಿಸಿ. ಬಾಗಿಲಿಗೆ ಚಿಲಕ ಹಾಕಬಾರದು, ತರಗತಿಯಲ್ಲಿ ಇಬ್ಬರು ದೊಡ್ಡವರಿರಬೇಕು, ಒಬ್ಬರಾದರೂ ಹೆಂಗಸರು. ಫೋಟೊ, ರೀಲ್ಸ್ ಬೇಡ. ಸೊಸೈಟಿ ಗ್ರೂಪಿಗೆ ಹಾಕೋಕೂ ಬೇಡ.

ಜಯನಗರ 4ನೇ ಬ್ಲಾಕ್
ಇದು ಒಪ್ಪತಕ್ಕ ಮಾತು. ಫೋಟೊ ವಿಷಯ ಮೊದಲ ದಿನವೇ ಬೋರ್ಡಿನಲ್ಲಿ ಬರೆದು ಹಾಕಿ.

ಅಂಕಿಅಂಶ
ಮತ್ತೆ ಯೋಗಕ್ಕೆ ಮೀರಿದ್ದು ಯಾವುದು ಅನ್ನೋದನ್ನೂ ಬರೆದಿಡಿ. ಎರಡು ವಾರ ಬಿಡದೆ ಮಂಕು, ಊಟ ನಿದ್ದೆ ಕೆಟ್ಟಿರೋದು, ಗೆಳೆಯರನ್ನ, ಇಷ್ಟದ ಆಟವನ್ನ ಬಿಟ್ಟುಬಿಟ್ಟಿರೋದು, ಕೈ ಕೊಯ್ದುಕೊಂಡ ಗುರುತು, ಯಾರೂ ಇಲ್ಲದಾಗ ದನಿ ಕೇಳಿಸೋದು, 'ನಾನಿರಬಾರದಿತ್ತು' ಅನ್ನೋ ಮಾತು. ಇಲ್ಲಿ ಇನ್ನೊಂದು ಪ್ರಾಣಾಯಾಮ ಹೇಳಿಕೊಡ್ತಾ ಕೂರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಪ್ರತ್ಯೇಕ ವಿಭಾಗವಿದೆ. ಚಿಕಿತ್ಸೆಯ ಜೊತೆಗೆ ಯೋಗ ಕೊಡುವ ಸಮಗ್ರ ವೈದ್ಯ ವಿಭಾಗವೂ ಅಲ್ಲೇ ಇದೆ. ಜೀವಕ್ಕೆ ಕುತ್ತು ಅನ್ನಿಸಿದರೆ ಮಗುವನ್ನ ಒಂಟಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆ ತಗೊಳ್ತಿರೋ ಮಗುವಿಗೆ 'ಯೋಗ ಮಾಡು, ಮಾತ್ರೆ ಬಿಡು' ಅಂತ ಯಾರೂ ಅನ್ನಬಾರದು.

ನಸುಕಿನ ನಡಿಗೆ
ನಿದ್ದೆಯ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಳ್ತೀನಿ, ಸಂಜೆಯೇ ಇರಲಿ. ರಾತ್ರಿ ಹಾಸಿಗೆಯಲ್ಲಿ ಮಾಡೋಕೆ ಏನಾದರೂ ಇದೆಯಾ?

ಯೋಗಶಿಕ್ಷಕ ಮೈಸೂರು
ಇದೆ ಸರ್. ಮಲಗಿ ಪಾದದಿಂದ ಶುರು. ಕಾಲ್ಬೆರಳು ಬಿಗಿದು ಐದು ಸೆಕೆಂಡು, ಬಿಟ್ಟು ಹದಿನೈದು ಸೆಕೆಂಡು. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಕೊನೆಗೆ ಮುಖ. ಬಿಟ್ಟಾಗಿನ ಸಡಿಲವನ್ನ ಗಮನಿಸೋದೇ ಅಭ್ಯಾಸ. ಪೂರ್ತಿ ಶಕ್ತಿ ಹಾಕಿ ಬಿಗಿದರೆ ಮೀನಖಂಡ ಹಿಡಿದುಕೊಳ್ಳುತ್ತೆ, ಅರ್ಧದಷ್ಟು ಸಾಕು. ನಾಳೆಯ ಚಿಂತೆ ಕೊರೀತಿದ್ದರೆ ಮಲಗೋಕೆ ಮೊದಲು ಮೂರು ಕೆಲಸ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಲಿ.

ಪಿಸಿಎಂಬಿ
ಎಲ್ಲಾ ಓದಿದೆ. ಪರೀಕ್ಷೆ ಹಾಲಲ್ಲಿ ಕ್ವೆಶ್ಚನ್ ಪೇಪರ್ ನೋಡಿದ ತಕ್ಷಣ ಬ್ಲ್ಯಾಂಕ್ ಆದರೆ ಏನು ಮಾಡೋದು? ಅಲ್ಲಿ ಭ್ರಾಮರಿ ಮಾಡೋಕಾಗಲ್ಲ.

ಶಾಲಾ ಆಪ್ತಸಲಹೆಗಾರ್ತಿ
ಒಳ್ಳೆ ಪ್ರಶ್ನೆ ಕೇಳಿದೆ ಪುಟ್ಟ. ಎರಡೂ ಪಾದ ಪೂರ್ತಿ ನೆಲಕ್ಕೆ ಊರು. ಎಡಗೈ ಡೆಸ್ಕಿನ ಕೆಳಗಿರಲಿ. ನಾಲ್ಕು ಬೆರಳು, ಒಂದೊಂದರಲ್ಲಿ ಮೂರು ಗೆಣ್ಣು, ಒಟ್ಟು ಹನ್ನೆರಡು. ಒಂದು ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಒಂದು ಉಸಿರು, 4 ಒಳಗೆ, 6 ಹೊರಗೆ. ಪೂರ್ತಿ ಹೊರಗೆ ಹೋದ ಮೇಲಷ್ಟೇ ಹೆಬ್ಬೆರಳು ಮುಂದಕ್ಕೆ. ಹನ್ನೆರಡು ಮುಗಿಯೋಕೆ ಎರಡು ನಿಮಿಷ. ಕಣ್ಣು ಪೇಪರ್ ಮೇಲೇ ಇರಲಿ, ಓದಬೇಡ. ಆಮೇಲೆ ಒಂದು ಮಾರ್ಕಿನ ಪ್ರಶ್ನೆ, ಖಂಡಿತ ಗೊತ್ತಿರೋದು, ಅದನ್ನ ಮೊದಲು ಬರೆ. ಕೈ ಓಡಿದರೆ ತಲೆ ಹಿಂದೆ ಬರುತ್ತೆ. ಆದರೆ ಪರೀಕ್ಷೆ ದಿನವೇ ಮೊದಲ ಸಲ ಮಾಡಬೇಡ. ಎರಡು ವಾರ ದಿನಾ ಒಂದು ಸಲ, ಬಸ್ಸಿನಲ್ಲೋ ಮೆಟ್ರೊದಲ್ಲೋ ಮಾಡಿಕೊಂಡಿರು.

ಪಿಸಿಎಂಬಿ
ಯಾವ ಬೆರಳಿಂದ ಶುರು ಮಾಡ್ಬೇಕು ಮೇಡಂ?

ಶಾಲಾ ಆಪ್ತಸಲಹೆಗಾರ್ತಿ
ಕಿರುಬೆರಳಿನ ಬುಡದಿಂದ. ಮಧ್ಯೆ ಎಣಿಕೆ ತಪ್ಪಿದರೆ ಮೊದಲಿಂದ ಶುರು ಮಾಡೋದು ಬೇಡ, ಹೆಬ್ಬೆರಳು ಎಲ್ಲಿದೆಯೋ ಅಲ್ಲಿಂದಲೇ ಮುಂದುವರಿಸು.